ವೇವ್‌ಟೇಬಲ್ ಉದ್ದ: ಒಂದೇ ಕಡೆ ಬರೆಯಿರಿ, ಉಳಿದದ್ದನ್ನು ಲೆಕ್ಕಕ್ಕೆ ಬಿಡಿ

ಕಂಪ್ಯೂಟರಿನಲ್ಲಿ ನಾದ ಕಟ್ಟುವ ಸಿಸೌಂಡ್, ಪ್ಯೂರ್ ಡೇಟಾ, ಸೂಪರ್‌ಕೊಲೈಡರ್‌ನಂಥ ಭಾಷೆಗಳ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಹೆಚ್ಚಿನವು ವೇವ್‌ಟೇಬಲ್ ಉದ್ದದ ಸುತ್ತಲೇ ಇವೆ. ವೇವ್‌ಟೇಬಲ್ ಎಂದರೆ ಅಲೆಯ ಬೆಲೆಗಳನ್ನು ಸಾಲಾಗಿ ಬರೆದಿಟ್ಟ ಪಟ್ಟಿ; ಅದರಲ್ಲಿ ಎಷ್ಟು ಬೆಲೆಗಳು, ಅಂದರೆ ಪಾಯಿಂಟ್‌ಗಳು, ಇವೆಯೋ ಅದೇ ಅದರ ಉದ್ದ. ಆದೇಶಗಳನ್ನು ಓದುವ ಅನುಕೂಲಕ್ಕೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಪ್ರಶ್ನೆ: ಸರ್, ನನ್ನ ಸಿಸೌಂಡ್ ಫೈಲಿನಲ್ಲಿ ಹತ್ತಾರು ಟೇಬಲ್‌ಗಳಿವೆ, ಎಲ್ಲದರ ಉದ್ದ 1024. ಒಂದೊಂದಾಗಿ ತಿದ್ದಿ 8192 ಮಾಡಿದೆ. ಸೈನ್ ಸರಿಯಾಗಿದೆ. ಆದರೆ ತ್ರಿಕೋನ ಅಲೆ ಮೂಗಿನಿಂದ ಹಾಡಿದ ಹಾಗೆ ಸಣಕಲಾಗಿದೆ, ಇನ್ನೊಂದು ವಾದ್ಯ ಝುಂಯ್ ಎಂದು ಗರಗಸದ ಸದ್ದು ಮಾಡುತ್ತಿದೆ. ಉದ್ದವನ್ನು ಒಂದೇ ಕಡೆ ಬದಲಿಸುವ ದಾರಿ ಇಲ್ಲವೇ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಇದೆ, ಅದೂ ಸುಲಭವಾಗಿ. ವಾದ್ಯಗಳನ್ನು ಬರೆಯುವ ಆರ್ಕೆಸ್ಟ್ರಾ ಭಾಗದ ತಲೆಯಲ್ಲೇ, ಯಾವ ವಾದ್ಯವೂ ಶುರುವಾಗುವ ಮೊದಲು, ಉದ್ದಕ್ಕೊಂದು ಹೆಸರಿಡಿ:

ಜಿಐಲೆನ್ = 2^13
ಜಿಐಸೈನ್ ಎಫ್‌ಟಿಜೆನ್ 0, 0, ಜಿಐಲೆನ್, 10, 1

ಎಫ್‌ಟಿಜೆನ್ ಆದೇಶದಲ್ಲಿ ಮೊದಲ ಸೊನ್ನೆಯೆಂದರೆ ಟೇಬಲ್ ನಂಬರನ್ನು ಸಿಸೌಂಡೇ ಕೊಡಲಿ ಎಂದು. ಎರಡನೆಯದು ಸಮಯದ ಜಾಗ, ಇಲ್ಲಿ ಅದಕ್ಕೆ ಕೆಲಸವಿಲ್ಲ. ಮೂರನೆಯದು ಉದ್ದ, ನಾಲ್ಕನೆಯದು ಜೆನ್ ನಂಬರು, ಅಂದರೆ ಟೇಬಲನ್ನು ಯಾವ ಕ್ರಮದಲ್ಲಿ ತುಂಬಬೇಕೆಂಬುದು. 8192 ಎಂದು ಬರೆಯುವ ಬದಲು 2^13 ಎಂದು ಬರೆದರೆ 8129 ಎಂಬಂಥ ಬೆರಳುತಪ್ಪು ಆಗುವುದಿಲ್ಲ. ನಾಳೆ ಬದಲಿಸಬೇಕೆಂದರೆ 13ನ್ನು ಮಾತ್ರ ಮುಟ್ಟಿದರೆ ಸಾಕು. ಜಿಐಲೆನ್ ಸಾಲು ಎಫ್‌ಟಿಜೆನ್ ಸಾಲುಗಳಿಗಿಂತ ಮೇಲೇ ಇರಬೇಕು.

ತ್ರಿಕೋನ ಅಲೆ ಕೆಟ್ಟಿದ್ದೇಕೆಂದರೆ, ಜೆನ್ 10 ಹಾರ್ಮೋನಿಕ್‌ಗಳ (ಮೂಲ ಸ್ವರದ 1, 2, 3 ಪಟ್ಟು ಕಂಪಿಸುವ ಅಂಶಗಳ) ಬಲವನ್ನಷ್ಟೇ ಕೇಳುತ್ತದೆ, ಅದಕ್ಕೆ ಉದ್ದ ಎಷ್ಟಾದರೂ ಸರಿ. ಜೆನ್ 7 ಹಾಗಲ್ಲ. ಅದು ಪ್ರತಿ ತುಂಡಿನ ಉದ್ದವನ್ನು ಪಾಯಿಂಟ್‌ಗಳಲ್ಲಿ ಕೇಳುತ್ತದೆ. ನಿಮ್ಮ ಹಳೆಯ ಸಾಲಿನಲ್ಲಿ 256, 512, 256 ಎಂದಿದ್ದಿರಬೇಕು, ಕೂಡಿದರೆ 1024. ಟೇಬಲ್ ಮಾತ್ರ 8192 ಆದಾಗ ಅಲೆಯೆಲ್ಲ ಮೊದಲ ಎಂಟನೇ ಒಂದು ಭಾಗದೊಳಗೆ ಮುದುಡಿಕೊಂಡು, ಉಳಿದ ಏಳು ಭಾಗ ಬರೀ ಸೊನ್ನೆ. ಸಿಸೌಂಡ್ ಇದನ್ನು ತಪ್ಪೆಂದು ನಿಲ್ಲಿಸುವುದಿಲ್ಲ. ತುಂಡುಗಳ ಮೊತ್ತ ಕಡಿಮೆಯಾದರೆ ಸೊನ್ನೆ ತುಂಬುತ್ತದೆ, ಹೆಚ್ಚಾದರೆ ಬಾಲ ಕತ್ತರಿಸುತ್ತದೆ. ಆದ್ದರಿಂದ ತುಂಡುಗಳನ್ನೂ ಆ ಒಂದೇ ಹೆಸರಿನಿಂದ ಹುಟ್ಟಿಸಿ:

ಜಿಐತ್ರಿ ಎಫ್‌ಟಿಜೆನ್ 0, 0, ಜಿಐಲೆನ್, 7, 0, ಜಿಐಲೆನ್/4, 1, ಜಿಐಲೆನ್/2, -1, ಜಿಐಲೆನ್/4, 0

ಅರ್ಧ, ಕಾಲು, ಅರೆಕಾಲು ಬೇಕಾದಾಗ ಇದು ಚೊಕ್ಕವಾಗಿ ಭಾಗವಾಗುತ್ತದೆ. ಮೂರನೇ ಒಂದು ಭಾಗ ಬೇಕಾದರೆ ಮೊದಲ ತುಂಡನ್ನು ಪೂರ್ಣಾಂಕಕ್ಕೆ ಇಳಿಸಿಕೊಂಡು, ಕೊನೆಯ ತುಂಡನ್ನು ‘ಜಿಐಲೆನ್‌ನಲ್ಲಿ ಉಳಿದದ್ದು’ ಎಂದೇ ಬರೆಯಿರಿ. ಇಲ್ಲವಾದರೆ ತುದಿಯಲ್ಲಿ ಒಂದೋ ಎರಡೋ ಪಾಯಿಂಟ್ ಸೊನ್ನೆಯಾಗಿ ಉಳಿದು ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ. ಜೆನ್ 5ಕ್ಕೂ ಇದೇ ನಿಯಮ.

ಗರಗಸದ ಸದ್ದಿನ ವಾದ್ಯದಲ್ಲಿ ಫೇಸರ್ (0ಯಿಂದ 1ಕ್ಕೆ ಏರಿ ಮತ್ತೆ 0ಗೆ ಮರಳುವ ಎಣಿಕೆ) ಮತ್ತು ಟೇಬಲ್ಐ (ಟೇಬಲನ್ನು ಓದುವ ಆದೇಶ) ಬಳಸಿ, ಫೇಸರಿನ ಫಲವನ್ನು 1024ರಿಂದ ಗುಣಿಸಿರುತ್ತೀರಿ. ಈಗ ಅದು 8192 ಪಾಯಿಂಟ್‌ಗಳಲ್ಲಿ ಮೊದಲ 1024ನ್ನು ಮಾತ್ರ ಓದಿ, ಅಂದರೆ ಸೈನಿನ ಮೊದಲ 45 ಡಿಗ್ರಿಯಷ್ಟೇ ಏರಿ, ಥಟ್ಟನೆ ಸೊನ್ನೆಗೆ ಬೀಳುತ್ತಿದೆ. ಶ್ರುತಿ ಸರಿ ಇರುತ್ತದೆ, ನಾದ ಹಾಳಾಗುತ್ತದೆ. ಗುಣಾಕಾರವನ್ನೇ ತೆಗೆದುಹಾಕಿ, ಟೇಬಲ್ಐ ಆದೇಶದ ಮೂರನೇ ಜಾಗದಲ್ಲಿ 1 ಎಂದು ಕೊಡಿ:

ಎಔಟ್ ಟೇಬಲ್ಐ ಎಫೇಸ್, ಜಿಐಸೈನ್, 1

ಆಗ ಸೂಚ್ಯಂಕ 0ಯಿಂದ 1ರೊಳಗೆ ಇದ್ದರಾಯಿತು, ಟೇಬಲ್ ಎಷ್ಟು ಉದ್ದವಿದ್ದರೂ ಅದೇ ಹೊಂದಿಸಿಕೊಳ್ಳುತ್ತದೆ. ಪಾಯಿಂಟ್ ಲೆಕ್ಕವೇ ಬೇಕೆನ್ನುವವರು ಎಫ್‌ಟಿಲೆನ್(ಜಿಐಸೈನ್) ಎಂದು ಟೇಬಲನ್ನೇ ಕೇಳಬಹುದು.

ಯಾವ ಸ್ವರ ಯಾವಾಗ ಎಂದು ಬರೆಯುವ ಸ್ಕೋರ್ ಭಾಗದಲ್ಲಿ ಟೇಬಲ್ ಕಟ್ಟುವ ಎಫ್ ಸಾಲುಗಳಿಗೆ ಆರ್ಕೆಸ್ಟ್ರಾದ ಜಿಐಲೆನ್ ಕಾಣಿಸುವುದಿಲ್ಲ. ಅಲ್ಲಿ ಚೌಕ ಆವರಣದೊಳಗೆ ಲೆಕ್ಕ ಬರೆಯಬಹುದು: ಎಫ್ 1 0 [2^13] 10 1. ಆದರೆ ಆಗ ಉದ್ದ ಎರಡು ಕಡೆ ಇದ್ದ ಹಾಗಾಯಿತು. ನಮ್ಮ ಸಲಹೆ, ಎಫ್ ಸಾಲುಗಳನ್ನೆಲ್ಲ ಎಫ್‌ಟಿಜೆನ್‌ಗೆ ಬದಲಿಸಿ. ಸ್ಕೋರ್ ಹಳೆಯ ನಂಬರನ್ನೇ ಕೇಳುತ್ತಿದ್ದರೆ ಮೊದಲ ಸೊನ್ನೆಯ ಜಾಗದಲ್ಲಿ ಆ ನಂಬರು ಹಾಕಿದರೆ ಮುಗಿಯಿತು.

ಫೈಲನ್ನು ಮುಟ್ಟದೆ ಬೇರೆ ಬೇರೆ ಉದ್ದ ಕೇಳಿ ನೋಡಬೇಕೆ? ಆಗ ಮ್ಯಾಕ್ರೋ ಒಳ್ಳೆಯದು. ಕಮಾಂಡ್ ಸಾಲಿನಲ್ಲಿ --ಓಮ್ಯಾಕ್ರೋ:ಲೆನ್=4096 ಎಂದು ಕೊಟ್ಟರೆ ಆರ್ಕೆಸ್ಟ್ರಾದಲ್ಲಿ $ಲೆನ್ ಎಂದಿರುವಲ್ಲೆಲ್ಲ 4096 ಕೂರುತ್ತದೆ; ಸ್ಕೋರಿಗೆ --ಎಸ್‌ಮ್ಯಾಕ್ರೋ. ಮ್ಯಾಕ್ರೋ ಎಂದರೆ ಬರೀ ಅಕ್ಷರ ಅಂಟಿಸುವುದು ಎಂಬುದು ನೆನಪಿರಲಿ. ಲೆನ್ ಎಂದರೆ 4096+1 ಎಂದಿಟ್ಟು $ಲೆನ್/2 ಎಂದರೆ ಸಿಗುವುದು 4096.5. ಜಿಐಲೆನ್ = $ಲೆನ್ ಎಂದು ಒಂದೇ ಕಡೆ ಇಳಿಸಿಕೊಂಡು, ಅಲ್ಲಿಂದ ಮುಂದೆ ವೇರಿಯಬಲನ್ನೇ ಬಳಸಿದರೆ ಈ ತಾಪತ್ರಯವಿಲ್ಲ.

ಕೊನೆಗೊಂದು +1ರ ವಿಷಯ. ಸುತ್ತುವ ಅಲೆಗೆ ಉದ್ದ 2^13 ಸಾಕು, ಕೊನೆಯ ಪಾಯಿಂಟಿನ ಪಕ್ಕದಲ್ಲಿ ಸಿಸೌಂಡ್ ಮೊದಲ ಪಾಯಿಂಟಿನ ನಕಲಿಡುತ್ತದೆ. ಅದೇ ಗಾರ್ಡ್ ಪಾಯಿಂಟ್. ಸ್ವರದ ಬಲದ ಏರಿಳಿತವನ್ನು ಹೇಳುವ, ಒಮ್ಮೆ ಮಾತ್ರ ಓದುವ ಎನ್ವಲಪ್‌ಗೆ ಇದು ಅಪಾಯ: 1ರಿಂದ 0ಗೆ ಇಳಿಯುವ ಟೇಬಲಿನ ತುದಿಯಲ್ಲಿ ಮತ್ತೆ 1 ಕೂತಿರುತ್ತದೆ, ಇಂಟರ್‌ಪೊಲೇಶನ್ (ಎರಡು ಪಾಯಿಂಟ್‌ಗಳ ನಡುವಿನ ಬೆಲೆಯನ್ನು ಅಂದಾಜಿಸುವುದು) ಕೊನೆಯ ಕ್ಷಣದಲ್ಲಿ ಅದರ ಕಡೆಗೆ ಏರಿ ಸ್ವರದ ಬಾಲದಲ್ಲಿ ಕ್ಲಿಕ್ ಬರುತ್ತದೆ. ಎನ್ವಲಪ್‌ಗಳಿಗೆ ಜಿಐಲೆನ್+1 ಎಂದೇ ಬರೆಯಿರಿ. ಆಗ ಆ ಪಾಯಿಂಟು ನಕಲಾಗದೆ ಗೆರೆಯ ಮುಂದುವರಿಕೆಯಾಗುತ್ತದೆ.

ಪ್ರಶ್ನೆ: ಟೇಬಲ್ ದೊಡ್ಡದಾದಷ್ಟೂ ಒಳ್ಳೆಯದು ಎಂದು ನಮ್ಮ ಲ್ಯಾಬಿನಲ್ಲಿ ಹೇಳುತ್ತಾರೆ. ಹಾಗಾದರೆ ಎಲ್ಲಕ್ಕೂ 65536 ಇಟ್ಟುಬಿಡಬಹುದೇ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಇಟ್ಟರೆ ಕೆಡುವುದಿಲ್ಲ, ಆದರೆ ದುಡ್ಡು ಕೊಟ್ಟ ಕಡೆ ಸಾಮಾನು ಸಿಕ್ಕುವುದಿಲ್ಲ. ಮೊದಲು ನೋಡಬೇಕಾದದ್ದು ಟೇಬಲನ್ನು ಹೇಗೆ ಓದುತ್ತೀರಿ ಎಂಬುದನ್ನು. ಎರಡು ಪಾಯಿಂಟ್‌ಗಳ ನಡುವಿನ ಜಾಗ ಬಂದಾಗ ಹಿಂದಿನ ಪಾಯಿಂಟನ್ನೇ ಎತ್ತಿಕೊಳ್ಳುವುದು ಒಂದು ಕ್ರಮ, ಎರಡರ ನಡುವೆ ನೇರ ಗೆರೆ ಎಳೆದು ಲೆಕ್ಕ ಹಾಕುವುದು ಇನ್ನೊಂದು. ಕಂಪ್ಯೂಟರ್ ಸಂಗೀತದ ಸಂಶೋಧಕ ಎಫ್. ರಿಚರ್ಡ್ ಮೂರ್ 1977ರಲ್ಲೇ ಸೈನ್ ಅಲೆಯನ್ನು ಹೀಗೆ ಓದುವಾಗ ಸೇರಿಕೊಳ್ಳುವ ಗದ್ದಲವನ್ನು ಲೆಕ್ಕ ಹಾಕಿ ಪ್ರಕಟಿಸಿದ್ದರು. ಉದ್ದ 2ರ ಘಾತ ಕೆ ಆದರೆ, ಹಿಂದಿನ ಪಾಯಿಂಟ್ ಎತ್ತುವ ಕ್ರಮದಲ್ಲಿ ಗದ್ದಲ ಅಲೆಗಿಂತ ಸುಮಾರು 6ಕೆ − 11 ಡೆಸಿಬೆಲ್ ಕೆಳಗಿರುತ್ತದೆ. ಗೆರೆ ಎಳೆಯುವ ಕ್ರಮದಲ್ಲಿ ಸುಮಾರು 12ಕೆ − 11.

ಅಂಕಿಗಳಲ್ಲಿ ನೋಡಿ. ಇಂಟರ್‌ಪೊಲೇಶನ್ ಇಲ್ಲದೆ 512ಕ್ಕೆ 43 ಡೆಸಿಬೆಲ್, 2048ಕ್ಕೆ 55, 16384ಕ್ಕೆ 73, 65536ಕ್ಕೆ 85. ಗೆರೆ ಎಳೆದರೆ 512ಕ್ಕೇ 97, 2048ಕ್ಕೆ 121. ಸಿಡಿಯ 16 ಬಿಟ್ ಕೊಡುವುದು ಸುಮಾರು 98. ಅಂದರೆ ಇಂಟರ್‌ಪೊಲೇಶನ್ ಇರುವ 512 ಪಾಯಿಂಟಿನ ಪುಟ್ಟ ಟೇಬಲ್, ಅದಿಲ್ಲದ 65536ನ್ನು ಹಿಂದಿಕ್ಕುತ್ತದೆ. ಸಿಸೌಂಡ್‌ನಲ್ಲಿ ಆಸಿಲ್ ಮೊದಲ ಕ್ರಮದ್ದು, ಆಸಿಲ್ಐ ಎರಡನೆಯದರದ್ದು, ಆಸಿಲ್3 ನಾಲ್ಕು ಪಾಯಿಂಟ್ ನೋಡಿ ಬಾಗಿದ ಗೆರೆ ಎಳೆಯುತ್ತದೆ. ಫೌಸ್ಟ್ ಭಾಷೆಯ ಲೈಬ್ರರಿಯ ಮಾಮೂಲಿ ಸೈನ್ ಆಸಿಲೇಟರ್ ಇಂಟರ್‌ಪೊಲೇಶನ್ ಮಾಡುವುದಿಲ್ಲ, ಅದಕ್ಕೇ ಅಲ್ಲಿ ಟೇಬಲ್ 65536 ಇರುವುದು. ನಿಮ್ಮ ಲ್ಯಾಬಿನ ಮಾತು ಅಂಥ ಕಡೆಯಿಂದ ಬಂದಿರಬಹುದು.

ಇದೆಲ್ಲ ಒಂಟಿ ಸೈನಿಗೆ. ಟೇಬಲಿನೊಳಗೆ ಹಾರ್ಮೋನಿಕ್‌ಗಳು ತುಂಬಿದಾಗ ಲೆಕ್ಕ ಬೇರೆ, ಹೆಚ್ಚಿನವರು ತಪ್ಪುವುದೂ ಇಲ್ಲೇ. 2048ರ ಟೇಬಲಿನಲ್ಲಿ 64ನೇ ಹಾರ್ಮೋನಿಕ್ ಇದ್ದರೆ ಅದರ ಒಂದು ಸುತ್ತಿಗೆ ಸಿಗುವುದು 32 ಪಾಯಿಂಟ್ ಮಾತ್ರ. ಆ ಹಾರ್ಮೋನಿಕ್ ಮಟ್ಟಿಗೆ ನಿಮ್ಮ ಟೇಬಲ್ 32 ಪಾಯಿಂಟಿನದು, ಗದ್ದಲ ಅದಕ್ಕಿಂತ 49 ಡೆಸಿಬೆಲ್ ಅಷ್ಟೇ ಕೆಳಗೆ. ಮೇಲಿನ ಹಾರ್ಮೋನಿಕ್‌ಗಳು ಸಾಮಾನ್ಯವಾಗಿ ತಾವೇ ಸಣ್ಣವಾದ್ದರಿಂದ ಇಷ್ಟು ನಡೆಯುತ್ತದೆ. ನಾವು ಹಿಡಿಯುವ ಲೆಕ್ಕ: ಟೇಬಲಿನ ಅತಿ ಮೇಲಿನ ಹಾರ್ಮೋನಿಕ್ ನಂಬರನ್ನು 32ರಿಂದ ಗುಣಿಸಿ, ಅದಕ್ಕೆ ಕಡಿಮೆಯಾಗದ 2ರ ಘಾತಕ್ಕೆ ಏರಿಸಿ. ಆಸಿಲ್3 ಥರದ್ದು ಬಳಸಿದರೆ 16 ಸಾಕು.

ಇಲ್ಲೊಂದು ಅಪವಾದವಿದೆ. ತಾನು ಕೇಳಿಸದೆ ಬೇರೆ ಬೆಲೆಗಳನ್ನು ಅಲುಗಿಸುವ, ನಿಧಾನಕ್ಕೆ ಓಡುವ ಆಸಿಲೇಟರ್ ಆದ ಎಲ್‌ಎಫ್‌ಓಗೆ, ಅದರಲ್ಲೂ ಶ್ರುತಿಯನ್ನು ಅಲುಗಿಸುವಂಥದಕ್ಕೆ, ಇಂಟರ್‌ಪೊಲೇಶನ್ ಇಲ್ಲದ ಆಸಿಲೇಟರ್ ಬೇಡವೇ ಬೇಡ. 0.1 ಹರ್ಟ್ಜ್‌ನಲ್ಲಿ 1024 ಪಾಯಿಂಟ್ ಓದಲು ಹತ್ತು ಸೆಕೆಂಡು, ಅಂದರೆ ಸೆಕೆಂಡಿಗೆ ನೂರು ಮೆಟ್ಟಿಲು. ಜಾರು ಇರಬೇಕಾದಲ್ಲಿ ಅದು ಸಣ್ಣ ಗರಗರವಾಗಿ ಕೇಳುತ್ತದೆ.

ಇನ್ನು ಜಾಗ. 16384 ಪಾಯಿಂಟ್, ಒಂದೊಂದಕ್ಕೆ 8 ಬೈಟ್, ಸೇರಿ 128 ಕೆಬಿ. ಪ್ರೊಸೆಸರಿನ ಎಲ್1 ಡೇಟಾ ಕ್ಯಾಶೆ ಸಾಮಾನ್ಯವಾಗಿ 32 ಅಥವಾ 48 ಕೆಬಿ. ಒಂದು ಟೇಬಲಿಗೆ ಇದು ಲೆಕ್ಕಕ್ಕಿಲ್ಲ. ಐವತ್ತು ಸ್ವರ ಬೇರೆ ಬೇರೆ ದೊಡ್ಡ ಟೇಬಲ್‌ಗಳಲ್ಲಿ ಓಡುವಾಗ, ಅಥವಾ ಇಎಸ್‌ಪಿ32ರಂಥ ಪುಟ್ಟ ಬೋರ್ಡಿನಲ್ಲಿ, ಲೆಕ್ಕಕ್ಕೆ ಬರುತ್ತದೆ. 65536 ಪಾಯಿಂಟ್ 4 ಬೈಟಿನಂತೆ 256 ಕೆಬಿ. ಒಳಗೆ ಒಟ್ಟು 520 ಕೆಬಿ ಇರುವ ಚಿಪ್ಪಿನಲ್ಲಿ ಅದನ್ನು ಬಯಸುವುದು ದುಬಾರಿ.

ಪ್ರಶ್ನೆ: ರಾಸ್‌ಬೆರಿ ಪೈ ಮೇಲೆ ಪ್ಯೂರ್ ಡೇಟಾದಲ್ಲಿ ಶ್ರುತಿ ಪೆಟ್ಟಿಗೆ ಮಾಡುತ್ತಿದ್ದೇನೆ. ಅರೇ ಉದ್ದ 2048 ಕೊಟ್ಟರೂ ಟ್ಯಾಬ್‌ಆಸ್ಕ್4~ ‘2ರ ಘಾತ ಕೂಡಿಸು ಮೂರು ಅಲ್ಲ’ ಎಂದು ತಕರಾರು ಮಾಡುತ್ತದೆ. ಆ ಮೂರು ಯಾವುದು?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಟ್ಯಾಬ್‌ಆಸ್ಕ್4~ ಎಂದರೆ ಅರೇಯನ್ನು (ಪ್ಯೂರ್ ಡೇಟಾದಲ್ಲಿ ಟೇಬಲಿಗಿರುವ ಹೆಸರು) ಓದುವ ಡಬ್ಬಿ; ಅದು ಪ್ರತಿ ಸಲವೂ ನಾಲ್ಕು ಪಾಯಿಂಟ್ ನೋಡುತ್ತದೆ: ಹಿಂದಿನದೊಂದು, ಈಗಿನದು, ಮುಂದಿನವೆರಡು. ಅಲೆಯ ಅಂಚಿನಲ್ಲಿ ಅವು ಸಿಗಬೇಕೆಂದರೆ ಶುರುವಿನಲ್ಲಿ ಒಂದು, ಕೊನೆಯಲ್ಲಿ ಎರಡು ಹೆಚ್ಚುವರಿ ಪಾಯಿಂಟ್ ಬೇಕು. ಹಾಗಾಗಿ 515, 1027, 2051, 4099. ಅರೇಯನ್ನು ಹೊಸದಾಗಿ ಇಟ್ಟಾಗ ಬರುವ 100 ಇದಕ್ಕೆ ಯಾವತ್ತೂ ಒಗ್ಗುವುದಿಲ್ಲ.

ಹಾರ್ಮೋನಿಕ್ ಕೊಟ್ಟು ಅಲೆ ಕಟ್ಟುವುದಾದರೆ ನೀವು +3 ಮುಟ್ಟಲೇಬೇಡಿ. ಮೆಸೇಜ್ ಡಬ್ಬಿಯಲ್ಲಿ

; ಶ್ರುತಿ ಸೈನ್‌ಸಮ್ $1 1 0.6 0.45 0.3

ಎಂದು ಬರೆದು, ಲೋಡ್‌ಬ್ಯಾಂಗ್‌ನಿಂದ 2048 ಕಳಿಸಿ. ಸೈನ್‌ಸಮ್ ತಾನೇ ಅರೇಯನ್ನು 2051ಕ್ಕೆ ಹಿಗ್ಗಿಸಿ, ಆ ಮೂರು ಪಾಯಿಂಟನ್ನೂ ಸರಿಯಾಗಿ ತುಂಬುತ್ತದೆ. ಆದರೆ 2000 ಎಂದು ಕೊಟ್ಟರೆ ಮೇಲಕ್ಕಲ್ಲ, ಕೆಳಗೆ 1024ಕ್ಕೆ ಇಳಿಸಿ, ಕನ್ಸೋಲಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ.

ಕೈಯಿಂದ ಬರೆದ ಅಥವಾ ಫೈಲಿನಿಂದ ತಂದ ಅಲೆಯಾದರೆ ಕೆಲಸ ನಿಮ್ಮದೇ. 11 ಎಂಬ ಒಂದೇ ಅಂಕಿಯನ್ನು ‘ಎಕ್ಸ್‌ಪ್ರ್ ಪೌ(2, $ಎಫ್1) + 3’ ಡಬ್ಬಿಗೆ ಕೊಟ್ಟು, ಬಂದ 2051ನ್ನು ‘ಅರೇ ಸೈಜ್ ಶ್ರುತಿ’ ಡಬ್ಬಿಗೆ ಬಿಡಿ. ಅಲೆಯನ್ನು 1ನೇ ಜಾಗದಿಂದ ತುಂಬಿ. ಬಳಿಕ 2048ನೇ ಜಾಗದ ಬೆಲೆಯನ್ನು 0ಗೆ, 1 ಮತ್ತು 2ನೇ ಜಾಗದವನ್ನು 2049, 2050ಕ್ಕೆ ನಕಲು ಮಾಡಿ. ಇದನ್ನು ಬಿಟ್ಟರೆ ಮಂದ್ರದಲ್ಲಿ ಪ್ರತಿ ಸುತ್ತಿಗೂ ಚಿಟಿಕೆ ಹೊಡೆದಂತೆ ಸದ್ದು ಬರುತ್ತದೆ. ತಾರದಲ್ಲಿ ಅದೇ ಒರಟುತನವಾಗುತ್ತದೆ. ಕಛೇರಿ ನಡೆಯುವಾಗ ಮಾತ್ರ ಉದ್ದ ಬದಲಿಸಬೇಡಿ. ಸದ್ದಿನ ಲೆಕ್ಕದ ಸರಪಳಿಯನ್ನೇ ಪ್ಯೂರ್ ಡೇಟಾ ಆಗ ಹೊಸದಾಗಿ ಕಟ್ಟುತ್ತದೆ, ಪೈ ಮೇಲೆ ಅದು ಕಡಿತವಾಗಿ ಕೇಳಿಸಬಹುದು.

ಪ್ರಶ್ನೆ: ಸೂಪರ್‌ಕೊಲೈಡರಿನಲ್ಲಿ 1024 ಬೆಲೆಗಳ ಸಿಗ್ನಲನ್ನು ಬಫರಿಗೆ ತುಂಬಿ ಆಸ್ಕ್‌ಗೆ ಕೊಟ್ಟೆ. ವಿಪರೀತ ಜೋರಾಗಿ, ಒಡೆದ ಸದ್ದು. ಉದ್ದ 2ರ ಘಾತವೇ ಇದೆಯಲ್ಲ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಉದ್ದ ಸರಿ, ಜೋಡಣೆ ತಪ್ಪು. ಆಸ್ಕ್ ಎಂದರೆ ಬಫರಿನಲ್ಲಿರುವ ಟೇಬಲನ್ನು ಓದುವ ಆಸಿಲೇಟರ್. ಆಸ್ಕ್‌ಗೆ ಬೇಕಾದದ್ದು ಬರೀ ಬೆಲೆಗಳಲ್ಲ. ಅಕ್ಕಪಕ್ಕದ ಎ, ಬಿ ಎಂಬ ಎರಡು ಬೆಲೆಗಳಿಂದ 2ಎ − ಬಿ ಮತ್ತು ಬಿ − ಎ ಎಂಬ ಜೋಡಿ ಮಾಡಿ ಇಟ್ಟಿರಬೇಕು, ಆಗ ಇಂಟರ್‌ಪೊಲೇಶನ್ ಒಂದು ಗುಣಾಕಾರ, ಒಂದು ಸಂಕಲನದಲ್ಲಿ ಮುಗಿಯುತ್ತದೆ. ಬರೀ ಬೆಲೆ ಕೊಟ್ಟರೆ ಅದೇ ಸೂತ್ರ ಎರಡರಿಂದ ಮೂರು ಪಟ್ಟು ದೊಡ್ಡ ಗರಗಸದ ಹಲ್ಲುಗಳನ್ನು ಹೊರಗೆ ತಳ್ಳುತ್ತದೆ. ಸರಿ ಮಾಡುವವರೆಗೆ ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ.

ಸಿಗ್ನಲ್‌ಗೆ .ಆಸ್‌ವೇವ್‌ಟೇಬಲ್ ಸೇರಿಸಿದರೆ ಈ ಜೋಡಣೆ ಆಗುತ್ತದೆ, ಉದ್ದವೂ ಇಮ್ಮಡಿಯಾಗುತ್ತದೆ. ಆದ್ದರಿಂದ ~ಲೆನ್ = 1024 ಎಂದು ಅಲೆಯ ನಿಜವಾದ ಉದ್ದವನ್ನೇ ಹೆಸರಿಸಿ, ಬಫರನ್ನು ~ಲೆನ್ * 2 ಎಂದು ತೆಗೆಯಿರಿ. ಬಫರಿಗೆ ನೇರವಾಗಿ ಸೈನ್1 ಆದೇಶ ಕೊಡುವವರು ಮರೆಯುವುದೂ ಇದನ್ನೇ. 1024ರ ಬಫರ್ ತೆಗೆದರೆ ಕೈಗೆ ಬರುವ ಅಲೆ 512 ಪಾಯಿಂಟಿನದು. ಬೇಕಾದ ಉದ್ದ ಲೆಕ್ಕದಿಂದ ಬಂದ ಅಡ್ಡಾದಿಡ್ಡಿ ಸಂಖ್ಯೆಯಾದರೆ .ನೆಕ್ಸ್ಟ್‌ಪವರ್‌ಆಫ್‌ಟೂ ಇದೆ. ಇಂಟರ್‌ಪೊಲೇಶನ್ ಇಲ್ಲದ ಆಸ್ಕ್‌ಎನ್‌ಗೆ ಮಾತ್ರ ಬರೀ ಬೆಲೆಗಳೇ ಬೇಕು, ಅದಕ್ಕೆ ಜೋಡಿ ಮಾಡಬೇಡಿ.

ಪ್ರಶ್ನೆ: ಒಂದೂವರೆ ಶ್ರುತಿಗೆ ತಂಬೂರಿಯ ನಾದ ಬರುವ ಟೇಬಲ್ ಮಾಡಿದ್ದೇನೆ, 159 ಹಾರ್ಮೋನಿಕ್. ತಾರಷಡ್ಜಕ್ಕೆ ಏರಿಸಿದರೆ ಏನೋ ಸಿಳ್ಳೆ. ಉದ್ದ 16384 ಮಾಡಿದರೂ ಹೋಗಲಿಲ್ಲ.
— ಸಂಗೀತ ವಿದ್ಯಾರ್ಥಿ, ನಂಜನಗೂಡು

ಉತ್ತರ: ಇನ್ನೂ ದೊಡ್ಡದು ಮಾಡಿದರೂ ಹೋಗದು, ಅದು ಉದ್ದದ ಕಾಯಿಲೆಯಲ್ಲ. ಸಿ ಶಾರ್ಪ್ 138.59 ಹರ್ಟ್ಜ್. ಸ್ಯಾಂಪಲ್ ದರ 44100 ಆದರೆ ಅದರ ಅರ್ಧ 22050ರೊಳಗೆ 159 ಹಾರ್ಮೋನಿಕ್ ಹಿಡಿಸುತ್ತವೆ, ನಿಮ್ಮ ಲೆಕ್ಕ ಅಲ್ಲಿಗೆ ಸರಿ. ತಾರಷಡ್ಜ 277.18 ಹರ್ಟ್ಜ್‌ನಲ್ಲಿ ಅದೇ ಟೇಬಲಿನ 100ನೇ ಹಾರ್ಮೋನಿಕ್ 27718ಕ್ಕೆ ಹೋಗಿ, ಅಲ್ಲಿ ಜಾಗವಿಲ್ಲದೆ 44100ರಿಂದ ಮಡಚಿಕೊಂಡು 16382 ಹರ್ಟ್ಜ್‌ಗೆ ಇಳಿಯುತ್ತದೆ. ಷಡ್ಜಕ್ಕೂ ಅದಕ್ಕೂ ಸಂಬಂಧವಿಲ್ಲ. ಇದೇ ಅಲಿಯಾಸಿಂಗ್. ಪರೀಕ್ಷೆ ಸುಲಭ: ಸ್ವರವನ್ನು ನಿಧಾನವಾಗಿ ಮೇಲಕ್ಕೆ ಜಾರಿಸಿ. ಸ್ವರ ಏರುವಾಗ ಸಿಳ್ಳೆ ಇಳಿದರೆ ಅಲಿಯಾಸಿಂಗ್ ಎಂದೇ ತಿಳಿಯಿರಿ.

ಟೇಬಲ್ ಎಷ್ಟು ಮೇಲಿನ ಸ್ವರದವರೆಗೆ ನುಡಿಯಬೇಕೋ ಆ ಸ್ವರದಿಂದ 22050ನ್ನು ಭಾಗಿಸಿ, ಅಷ್ಟೇ ಹಾರ್ಮೋನಿಕ್ ಇಡಿ. 277.18ರವರೆಗೆ ಒಂದು ಟೇಬಲ್, 79 ಹಾರ್ಮೋನಿಕ್. 554.37ರವರೆಗೆ ಇನ್ನೊಂದು, 39. 1108.73ರವರೆಗೆ ಮೂರನೆಯದು, 19. ಹಿಂದೆ ಹೇಳಿದ 32ರ ಲೆಕ್ಕ ಹಾಕಿದರೆ ಉದ್ದಗಳು 4096, 2048, 1024 ಸಾಕು. ಮೂರೂ ಸೇರಿ ನಿಮ್ಮ ಒಂದು 16384ರ ಅರ್ಧದಷ್ಟೂ ಆಗವು. ಪ್ರತಿ ಸ್ಥಾಯಿಯ ಕೆಳತುದಿಯಲ್ಲಿ ನಾದ ಸ್ವಲ್ಪ ಮಂಕೆನಿಸಿದರೆ ಅರ್ಧ ಸ್ಥಾಯಿಗೊಂದು ಟೇಬಲ್ ಮಾಡಿ. ತಂಬೂರಿಗೆ ಅದು ಬೇಕಾಗಬಹುದು, ಜೀವಾಳದ ಹೊಳಪೆಲ್ಲ ಮೇಲಿನ ಹಾರ್ಮೋನಿಕ್‌ಗಳಲ್ಲೇ ಇರುವುದು.

ಸಿಸೌಂಡ್‌ನಲ್ಲಿ ಇವನ್ನು ಕೈಯಾರೆ ಬರೆಯಬೇಕಿಲ್ಲ. ಮೂಲ ಟೇಬಲಿನಿಂದ ಜೆನ್ 30, ‘1ರಿಂದ 79ರವರೆಗೆ ಸಾಕು’ ಎಂದರೆ ಅಷ್ಟನ್ನೇ ಸೋಸಿ ಹೊಸ ಟೇಬಲಿಗೆ ಹಾಕಿಕೊಡುತ್ತದೆ:

ಜಿಐಮಧ್ಯ ಎಫ್‌ಟಿಜೆನ್ 0, 0, 4096, 30, ಜಿಐಮೂಲ, 1, 79

ಬರೀ ಗರಗಸ, ಚೌಕದ ಅಲೆ ಸಾಕೆನ್ನುವವರಿಗೆ ವಿಸಿಒ2 ಈ ಕೆಲಸವನ್ನೆಲ್ಲ ಒಳಗೇ ಮಾಡುತ್ತದೆ. ಸೂಪರ್‌ಕೊಲೈಡರಿನ ವಿಆಸ್ಕ್‌ನಲ್ಲಿ ಮಾತ್ರ ಎಲ್ಲ ಬಫರ್‌ಗಳೂ ಒಂದೇ ಉದ್ದ, ಒಂದರ ಹಿಂದೊಂದು ನಂಬರಿನವು ಇರಬೇಕು. ಅಲ್ಲಿ ದೊಡ್ಡದರ ಉದ್ದವನ್ನೇ ಎಲ್ಲಕ್ಕೂ ಇಡಿ.

ಪ್ರಶ್ನೆ: ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಸುತ್ತಿನ ಅಲೆಗಳ ಫೈಲುಗಳು 600 ಸ್ಯಾಂಪಲ್ ಇವೆ. ಇವನ್ನು ಬಳಸಲು ಆಗುವುದಿಲ್ಲವೇ?
— ಓದುಗರು, ಮದ್ದೂರು

ಉತ್ತರ: ಆಗುತ್ತದೆ, ಸಿಸೌಂಡ್‌ನಲ್ಲಿ ಆಸಿಲ್ ಬಿಟ್ಟು ಪೊಸಿಲ್ ಬಳಸಿ. ಆಸಿಲ್ ಕುಟುಂಬ ಫೇಸನ್ನು (ಸುತ್ತಿನಲ್ಲಿ ಎಲ್ಲಿದೆ ಎಂಬ ಗುರುತನ್ನು) ಪೂರ್ಣಾಂಕದಲ್ಲಿ ಇಟ್ಟುಕೊಂಡು, ಬಿಟ್‌ಗಳನ್ನು ಸರಿಸಿ ಜಾಗ ಹುಡುಕುತ್ತದೆ; ತುದಿ ದಾಟಿದಾಗ ಮೇಲಿನ ಬಿಟ್‌ಗಳನ್ನು ಅಳಿಸಿದರೆ ಸಾಕು, ತಾನೇ ಮೊದಲಿಗೆ ಬಂದಿರುತ್ತದೆ. ಭಾಗಾಕಾರ ದುಬಾರಿಯಾಗಿದ್ದ ಕಾಲದ ಜಾಣತನ ಅದು, 2ರ ಘಾತದ ಕಟ್ಟುಪಾಡು ಬಂದದ್ದೂ ಅದರಿಂದಲೇ. ಪೊಸಿಲ್, ಪೊಸಿಲ್3 ಫೇಸನ್ನು ದಶಾಂಶದಲ್ಲಿ ಇಡುವುದರಿಂದ ಅವಕ್ಕೆ 600 ಆದರೂ 601 ಆದರೂ ಒಂದೇ. ಫೈಲನ್ನು ಜೆನ್ 1ರಿಂದ ತನ್ನಿ, ಉದ್ದದ ಜಾಗದಲ್ಲಿ 0 ಕೊಟ್ಟರೆ ಫೈಲು ಎಷ್ಟಿದೆಯೋ ಅಷ್ಟೇ ಉದ್ದದ ಟೇಬಲ್ ಆಗುತ್ತದೆ. ನೀವೇ ತುಂಬುವ ಟೇಬಲಾದರೆ ಉದ್ದವನ್ನು -600 ಎಂದು ಋಣವಾಗಿ ಬರೆಯಿರಿ.

2048 ಸ್ಯಾಂಪಲಿನ 256 ಅಲೆಗಳನ್ನು ಸಾಲಾಗಿ ಅಂಟಿಸಿದ ಫೈಲುಗಳೂ ಸಿಗುತ್ತವೆ, ಒಟ್ಟು 524288 ಸ್ಯಾಂಪಲ್. ಅಲ್ಲಿ ಫೈಲಿನ ಉದ್ದಕ್ಕೂ ಒಂದು ಅಲೆಯ ಉದ್ದಕ್ಕೂ ಬೇರೆ ಬೇರೆ ಹೆಸರಿಡಿ. ಎಫ್‌ಟಿಲೆನ್ ಹೇಳುವುದು ಮೊದಲನೆಯದನ್ನು, ಫೇಸರನ್ನು ಗುಣಿಸಬೇಕಾದದ್ದು ಎರಡನೆಯದರಿಂದ. ಇಂಟರ್‌ಪೊಲೇಶನ್ ಅಲೆಯ ಕೊನೆಯ ಸ್ಯಾಂಪಲಿನಿಂದ ಪಕ್ಕದ ಅಲೆಯ ಮೊದಲ ಸ್ಯಾಂಪಲಿಗೆ ಹಾರುತ್ತದೆ ಎಂಬ ತೊಡಕೂ ಇದೆ. ಅಕ್ಕಪಕ್ಕದ ಅಲೆಗಳು ಹೋಲುವಂತಿದ್ದರೆ ಕೇಳಿಸದು; ಹೋಲದಿದ್ದರೆ ಶುರುವಿನಲ್ಲೇ 2048ರ ಬಿಡಿ ಟೇಬಲ್‌ಗಳಿಗೆ ಹಂಚಿಟ್ಟುಕೊಳ್ಳಿ.